ಖರ್ಚಿಲ್ಲದ ಮಾತು

"ಇಷ್ಟೆಲ್ಲ ಕೊಟ್ಟರೂ ಈ ಜನ ಬಿಟ್ಟು ಹೋಗುವುದು ಎಂತಕ್ಕೆ?"

ಶಾಖೆಯ ಮ್ಯಾನೇಜರ್ ಟೆರೆನ್ಸ್ ಸರ್ ಯಾರ ಮುಖವನ್ನೂ ನೋಡದೆ ಕೇಳಿದರು. ನೆದರ್ಲ್ಯಾಂಡಿನ ಮುಖ್ಯ ಕಚೇರಿಯ ಜೊತೆಗಿನ ವೀಡಿಯೊ ಮೀಟಿಂಗ್ ಆಗಷ್ಟೇ ಮುಗಿದಿತ್ತು. ಅಲ್ಲಿ ನೌಕರರಿಗೆ ದಿನಾ ಹಣ್ಣಿನ ಬುಟ್ಟಿ, ಓಡಾಡಲು ಸೈಕಲ್ಲು, ಕಣ್ಣು ಮುಚ್ಚಿ ಕೂರಲು ಒಂದು ಮೌನದ ಕೋಣೆ ಎಲ್ಲ ಇದೆಯಂತೆ. ಆದರೂ ವರ್ಷ ತುಂಬುವ ಮೊದಲೇ ಬೇರೆ ಕಂಪೆನಿಗೆ ಹಾರುತ್ತಾರಂತೆ. ಯಾರೂ ಬಿಟ್ಟು ಹೋಗದ ಶಾಖೆಯೆಂದರೆ ಒಮಾನಿನ ಈ ಸಲಾಲಾದ್ದೊಂದೇ. ಅದರ ಗುಟ್ಟೇನೆಂದು ಮುಂದಿನ ವಾರ ಟೆರೆನ್ಸ್ ಎಲ್ಲರೆದುರು ವಿವರಿಸಬೇಕು.

ಗುಟ್ಟು ಎದುರಿನ ಕುರ್ಚಿಯಲ್ಲೇ ಕೂತಿತ್ತು. ಆಫೀಸಿನ ಆಡಳಿತ ನೋಡಿಕೊಳ್ಳುವ ಲೋಲಾಕ್ಷಿ. ಶುಕ್ರವಾರ ಅವಳ ಮನೆಯಲ್ಲಿ ಕೋರಿ ರೊಟ್ಟಿ ಉಣ್ಣದ ಹುಡುಗ ಗೋದಾಮಿನಲ್ಲೇ ಇಲ್ಲ. ಜ್ವರ ಬಂದವನಿಗೆ ಗಂಜಿ ಕಳಿಸುವವಳು ಅವಳು, ಊರಿನಿಂದ ಸಾವಿನ ಸುದ್ದಿ ಬಂದವನ ಪಕ್ಕದಲ್ಲಿ ಮಾತಿಲ್ಲದೆ ಕೂರುವವಳೂ ಅವಳೇ. ಯಾರಾದರೂ ರಾಜೀನಾಮೆಯ ಮಾತೆತ್ತಿದರೆ, "ನಿಲ್ಲು ಮಾರಾಯ, ನಾನಿಲ್ವಾ?" ಎನ್ನುತ್ತಿದ್ದಳು. ಅವರು ನಿಲ್ಲುತ್ತಿದ್ದರು.

"ಈಗಲೇ ಆಗಬೇಕಾ ಇದು? ಸುಕೇಶ್ ರಾಜೀನಾಮೆ ಕೊಟ್ಟಿದ್ದಾನೆ," ಎಂದರು ಟೆರೆನ್ಸ್. "ಗೋದಾಮಿನ ಸೂಪರ್‌ವೈಸರೇ ಹೋದರೆ ನಾನು ಅವರ ಹತ್ರ ಎಂತ ಹೇಳುವುದು?"

"ಸಂಬಳ ಜಾಸ್ತಿ ಮಾಡಿ ಸರ್."

"ಮಾಡ್ತೇನೆ ಅಂದೆ. ಬೇಡವಂತೆ. ದೂರದ ಇಬ್ರಿಯಲ್ಲಿ ಯಾವುದೋ ಸಣ್ಣ ಕಂಪೆನಿಯವರು ಊರಿಂದ ಸಂಸಾರ ಕರೆಸಿಕೊಳ್ಳಲಿಕ್ಕೆ ಮನೆ ಕೊಡ್ತಾರಂತೆ."

"ನಾವೂ ಕೊಡಬಹುದಲ್ಲ?"

"ಅವನ ಗ್ರೇಡಿಗೆ ಇಲ್ಲ. ನಿಮ್ಮದು ಒಂದು ಮಾತು ಸಾಕು ಲೋಲಾಕ್ಷಿ. ಅದಕ್ಕೆ ಖರ್ಚೂ ಇಲ್ಲ." ಆಮೇಲೆ ನಗುತ್ತಲೇ ಸೇರಿಸಿದರು: "ನಿಮ್ಮ ಕಾಂಟ್ರ್ಯಾಕ್ಟ್ ಕೂಡ ಈ ತಿಂಗಳೇ ರಿನ್ಯೂ ಆಗಬೇಕಲ್ವಾ?"

ಸುಕೇಶ್ ಪ್ಯಾಂಟ್ರಿಯಲ್ಲಿ ಸುಲೈಮಾನಿ ಚಹಾ ಕಲಕುತ್ತಿದ್ದ. ಕಿಟಕಿಯಾಚೆ ಖರೀಫ್ ಮಳೆಗಾಲದ ಜಿನುಗಿನಲ್ಲಿ ಗುಡ್ಡಗಳು ಮಸುಕಾಗಿದ್ದವು.

"ಎಂತ ಅಕ್ಕ, ಸಾಹೇಬ್ರು ಕಳಿಸಿದ್ರಾ?"

"ಹೌದು. ನಿನ್ನನ್ನು ಕಟ್ಟಿಹಾಕಲಿಕ್ಕೆ."

"ಕಟ್ಟುವ ಹಗ್ಗ ನಿಮ್ಮ ಅಡಿಗೆಮನೆಯಲ್ಲೇ ಉಂಟಲ್ಲ. ಇಬ್ರಿಯಲ್ಲಿ ಅಂಥ ಕೋರಿ ರೊಟ್ಟಿ ಎಲ್ಲಿ ಸಿಗ್ತದೆ?"

"ಸಾಕು ಹೊಟ್ಟೆಬಾಕ. ಊರಲ್ಲಿ ಮಗಳು ಹೇಗಿದ್ದಾಳೆ?"

"ನಿನ್ನೆ ಅವಳು ಎಂತ ಮಾಡಿದ್ದು ಗೊತ್ತುಂಟಾ? ನಾನು ವೀಡಿಯೊ ಕಾಲ್‌ನಲ್ಲಿ ಇರುವಾಗಲೇ ಫೋನನ್ನು ಅಕ್ಕಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದ್ದಾಳೆ. ಪಪ್ಪ ಹೋಗಬಾರದಂತೆ! ಅವಳಮ್ಮ ಮನೆಯಿಡೀ ಹುಡುಕಿದ್ದೇ ಹುಡುಕಿದ್ದು, ನಾನು ಕತ್ತಲಲ್ಲಿ ಕೂಗಿದ್ದೇ ಕೂಗಿದ್ದು." ಜೋರಾಗಿ ನಗಲು ಹೊರಟವನು ಅರ್ಧಕ್ಕೇ ನಿಲ್ಲಿಸಿ, ಕಪ್ಪಿನೊಳಗೆ ನೋಡುತ್ತ ನಿಂತ.

"ಆದ್ರೂ ಹೆದರಿಕೆ ಅಕ್ಕ. ಇದು ದೊಡ್ಡ ಕಂಪೆನಿ. ಅದು ನಾಳೆ ಬಾಗಿಲು ಹಾಕಿದ್ರೆ ಖಲಾಸ್. ನಂಗೆ ತಲೆಯೇ ಓಡುವುದಿಲ್ಲ. ನೀವು ನಿಲ್ಲು ಅಂದ್ರೆ ಈಗಲೇ ಹೋಗಿ ರಾಜೀನಾಮೆ ವಾಪಸ್ ತಗೊಳ್ತೇನೆ."

ಆ ಮಾತು ಲೋಲಾಕ್ಷಿಯ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಭಜನೆಯ ಸಾಲಿನಂತೆ ನೆನೆಯದೆಯೇ ಬರುವಷ್ಟು ರೂಢಿಯಾಗಿದ್ದ ಮಾತು. ಆಡಿದರೆ ತನ್ನ ಕೆಲಸವೂ ಉಳಿಯುತ್ತದೆ, ಒಡಹುಟ್ಟಿದವನಂತಿದ್ದ ಈ ಹುಡುಗನೂ ಕಣ್ಣೆದುರೇ ಇರುತ್ತಾನೆ. ಇಷ್ಟು ವರ್ಷ ಅವಳು ಅದನ್ನು ಪ್ರೀತಿಯಿಂದಲೇ ಆಡಿದ್ದಳು. ಅದಕ್ಕೆ ಖರ್ಚಿಲ್ಲ ಎಂದು ಯಾರೋ ಲೆಕ್ಕ ಹಾಕಿಟ್ಟಿದ್ದಾರೆಂದು ಗೊತ್ತಾದದ್ದು ಇವತ್ತು. ದೇವರೇ, ಖರ್ಚಿಲ್ಲದ್ದು ಯಾರಿಗೆ?

"ಹೇಳಿ ಲೋಲಾಕ್ಷಿ." ಟೆರೆನ್ಸ್ ಯಾವಾಗಲೋ ಬಂದು ಬಾಗಿಲಿಗೆ ಒರಗಿದ್ದರು. "ಅವನೇ ಬಾಯಿಬಿಟ್ಟು ಕೇಳ್ತಾ ಇದ್ದಾನೆ. ನಿಲ್ಲು ಅನ್ನಿ. ನೀವು ಹೇಳಿದ್ರೆ ಅವನು ಖಂಡಿತ ಕೇಳ್ತಾನೆ."

"ಕೇಳ್ತಾನೆ ಸರ್," ಎಂದಳು ಲೋಲಾಕ್ಷಿ. "ಅದಕ್ಕೇ ನಾನು ಹೇಳುವುದಿಲ್ಲ."