ದೀಪದ ಜಾಳಿ ಹೆಣೆದವರು

ಆ ಭಾನುವಾರ ಬೆಳಿಗ್ಗೆಯೂ ಎಂದಿನಂತೆ ಕಮಲಾಪುರದ ಮನೆಯ ಅಂಗಳದಲ್ಲಿ ಅಜ್ಜ, ಹಿಂದೆ ತಾವು ದುಡಿದ ಕಲ್ಲಿದ್ದಲು ಗಣಿಯಿಂದ ತಂದಿದ್ದ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ನಾನು ತಂಬಿಗೆಯಿಂದ ನೀರು ಹನಿಸುತ್ತಿದ್ದೆ. ಈಗ ಕಲಬುರಗಿಯ ನಮ್ಮ ಮನೆಯಲ್ಲಿ ಹಿತ್ತಾಳೆ ಬೆಳಗುವಾಗ ಆ ಹುಳಿ ವಾಸನೆ ನನ್ನನ್ನು ಅಲ್ಲಿಗೇ ಕರೆದೊಯ್ಯುತ್ತದೆ.

ಮಧ್ಯಾಹ್ನ ಆ ದೀಪ ತಯಾರಿಸಿದ ಕಂಪನಿಯವರೊಬ್ಬರು ಬಂದರು. ಕಂಪನಿಯ ಚರಿತ್ರೆ ಬರೆಯುತ್ತಿದ್ದರಂತೆ. ಪ್ರದರ್ಶನಕ್ಕೆ ಗಾಜಿನ ಪೆಟ್ಟಿಗೆಯಲ್ಲಿಡಲು ಹಳೆಯ ದೀಪವೊಂದು ಬೇಕಿತ್ತು. ಕೊಡಲು ಮನಸ್ಸಾಗದೆ ಅಜ್ಜ ಅದರ ಉರಿಯ ಸುತ್ತಲಿನ ತಂತಿಯ ಜಾಳಿಯನ್ನು ಬೆರಳಿನಿಂದ ಸವರುತ್ತ ಕೂತರು.

"ಒಮ್ಮೆ ಗಣ್ಯಾಗ ಗ್ಯಾಸ್ ತುಂಬಿದಾಗ ಇದರ ಉರಿ ನೀಲಿ ಆಗಿದ್ದು ನೋಡೇ ನಾವು ಹನ್ನೊಂದು ಮಂದಿ ಮ್ಯಾಲ ಓಡಿ ಬಂದೀವ್ರಿ. ಜಾಳಿ ಒಂದೆಳಿ ಹರಿದಿದ್ರೂ ಆ ಗ್ಯಾಸಿಗೆ ಬೆಂಕಿ ಹತ್ತತಿತ್ತು. ಇದನ್ನ ಹೆಣೆದವರ ಹೆಸರು ನಿಮ್ಮ ಪುಸ್ತಕದಾಗ ಅದಾವೇನ್ರಿ?"

ಅವರು ತಲೆ ತಗ್ಗಿಸಿದರು. "ಮಾಲೀಕರ ಹೆಸರಷ್ಟೇ ಬರೆದಿದ್ದೀವಿ, ಅಜ್ಜಾ. ಹೆಣೆದವರ ಮಕ್ಕಳು ಈಗಲೂ ನಮ್ಮ ಕಾರ್ಖಾನೆಯಲ್ಲೇ ಇದ್ದಾರೆ, ಕೇಳಿ ಬರೀತೀನಿ."

ಅಜ್ಜ ದೀಪವನ್ನು ಅವರ ಕೈಗಿಟ್ಟರು. ಆಮೇಲೆ ತೋಟಕ್ಕೆ ಹೋಗಿ ಕೆಂಪು ಬಾಳೆಯ ಗೊನೆಯೊಂದನ್ನು ಕಡಿದು ತಂದು, "ಇದು ಆ ಮಕ್ಕಳಿಗೆ ಮುಟ್ಟಸ್ರಿ" ಎಂದರು.

ಸಂಜೆ ಪಕ್ಕದ ಮನೆಯ ಕಾಕು ಕಟ್ಟೆಯ ಮೇಲೆ ಕೂತು ಅವ್ವನಿಗೆ ಅಂದರು: "ಏನವಾ, ಬೀಗರು ಬಂದ್ರ ಎರಡ ಹಣ್ಣ ಕೊಡಾಕ ಹಿಂದಮುಂದ ನೋಡೂ ನಿಮ್ಮ ಮಾವ, ಇವತ್ತ ಗುರುತಿಲ್ಲದವರಿಗೆ ಇಡೀ ಗೊನೀನೇ ಕೊಟ್ಟು ಕಳಿಸ್ಯಾರಲ್ಲ!"