ಖಾತೆದಾರರ ಮಾತೇ ಅಂತಿಮ

“ಸತ್ತವನಿಗೂ ನೋಟಿಸ್ ಕಳಿಸಬೇಕಾ ಮೇಡಂ?”

ಕೇಳಿದವನು ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ಮರೆತ ಪಾಸ್‌ವರ್ಡಿಗಾಗಿ ಇಡೀ ವಿಶ್ವವಿದ್ಯಾಲಯವೇ ಅವನ ಬೆನ್ನು ಹತ್ತುತ್ತಿದ್ದುದರಿಂದ ಅವನಿಗೆ ಪಾಸ್‌ವರ್ಡ್ ಎಂದೇ ಅಡ್ಡಹೆಸರು ಬಿದ್ದುಹೋಗಿತ್ತು. ಉಪಕುಲಸಚಿವೆಯ ಮೇಜಿನ ಮೇಲಿದ್ದ ಪರದೆಯಲ್ಲಿ ಒಬ್ಬ ಹುಡುಗನ ಫೋಟೋ ನಗುತ್ತಿತ್ತು. ಕಳೆದ ವರ್ಷ ಕಾಲೇಜಿನ ಗೇಟಿನ ಎದುರೇ ಲಾರಿಗೆ ಸಿಕ್ಕಿ ತೀರಿಕೊಂಡವನು. ವಿಶ್ವವಿದ್ಯಾಲಯ ತನ್ನದೇ ಸಾಮಾಜಿಕ ಜಾಲತಾಣದಲ್ಲಿ ಅವನಿಗೆ ತೆರೆದುಕೊಟ್ಟಿದ್ದ ಖಾತೆ ಮಾತ್ರ ಇನ್ನೂ ಉಳಿದುಕೊಂಡಿತ್ತು.

ಮೇಡಂ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಸಾಮಾಜಿಕ ಜಾಲತಾಣದ ಹೊಸ ನಿಯಮಾವಳಿ ಬರೆದವರು ಅವರೇ. ಓದು ಮುಗಿಸಿದವರ, ನಡುವೆ ಬಿಟ್ಟುಹೋದವರ ಖಾತೆಗಳನ್ನೆಲ್ಲ ಮುಚ್ಚಬೇಕೆಂದು ಅದರಲ್ಲಿತ್ತು. ಆದರೆ ಮಗಳು ಫೋಟೋ ಹಾಕಿದಳು, ತಂಗಿ ಯಾರ ಜೊತೆಗೋ ಮಾತಾಡಿದಳು, ಖಾತೆ ಮುಚ್ಚಿಸಿ ಎಂದು ಅಪ್ಪಂದಿರೂ ಅಣ್ಣಂದಿರೂ ಬಂದು ಪ್ರಾಣ ಹಿಂಡುತ್ತಿದ್ದುದನ್ನು ಕಂಡು ರೋಸಿಹೋಗಿದ್ದ ಮೇಡಂ, ಸಮಿತಿಯಲ್ಲಿ ಹಟ ಹಿಡಿದು ಇನ್ನೊಂದು ಸಾಲನ್ನೂ ಸೇರಿಸಿದ್ದರು: ಖಾತೆದಾರರಿಗೆ ನೋಟಿಸ್ ಕೊಡದೆ ಯಾವ ಖಾತೆಯನ್ನೂ ಮುಚ್ಚತಕ್ಕದ್ದಲ್ಲ, ಮನೆಯವರು ಏನೇ ಹೇಳಲಿ, ಖಾತೆದಾರರ ಮಾತೇ ಅಂತಿಮ. ಆ ಸಾಲೆಂದರೆ ಅವರಿಗೆ ಎಲ್ಲಿಲ್ಲದ ಮಮತೆ. ಸತ್ತವರ ವಿಷಯ ಮಾತ್ರ ಅಷ್ಟು ದೊಡ್ಡ ಸಮಿತಿಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಈಗ ನೋಟಿಸ್ ಕಳಿಸದ ಹೊರತು ಕಂಪ್ಯೂಟರು ಖಾತೆ ಮುಚ್ಚಲು ಬಿಡುತ್ತಿರಲಿಲ್ಲ.

ಮೇಜಿನ ಆಚೆ ಬದಿಯಲ್ಲಿ ಹುಡುಗನ ತಾಯಿ ಕೂತಿದ್ದಳು. ಖಾತೆ ಮುಚ್ಚುತ್ತಾರೆಂಬ ಸುದ್ದಿ ಕೇಳಿ ತನ್ನ ಟೈಲರ್ ಅಂಗಡಿಯಿಂದ ಎದ್ದವಳು ಎದ್ದ ಹಾಗೇ ಬಂದಿದ್ದಳು. ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು.

“ಮುಚ್ಚಬೇಡಿ ಮೇಡಂ,” ಎಂದಳು. “ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ತಕ್ಷಣ ಅವನಿಗೆ ಬರೀತೀನಿ. ಎದ್ಯಾ, ತಿಂದ್ಯಾ ಅಂತ. ಸ್ವಲ್ಪ ಹೊತ್ತಿಗೆಲ್ಲ ಎರಡು ಗೆರೆ ನೀಲಿ ಆಗುತ್ತೆ. ಓದ್ತಾನೆ. ಉತ್ತರ ಮಾತ್ರ ಕೊಡಲ್ಲ. ಇದ್ದಾಗಲೂ ಕೊಡ್ತಿರಲಿಲ್ಲ ಬಿಡಿ, ಸೋಮಾರಿ.”

ಮೇಡಂ ಪಾಸ್‌ವರ್ಡಿನ ಮುಖ ನೋಡಿದರು. ಅವನ ಮುಖದ ಬಣ್ಣ ಇಳಿದಿತ್ತು.

“ಆ ಖಾತೆಯನ್ನ ಯಾರೋ ದಿನಾ ತೆಗೀತಾರೆ ಅನ್ನೋದು ನನಗೆ ಗೊತ್ತಿತ್ತು ಮೇಡಂ,” ಎಂದು ತಗ್ಗಿದ ದನಿಯಲ್ಲಿ ಹೇಳಿದ. “ಇವರೇ ಇರಬೇಕು, ಹೊಟ್ಟೆ ಸಂಕಟಕ್ಕೆ ಮಗನ ಖಾತೆ ತೆಗೆದು ನೋಡ್ಕೋತಾರೆ ಅಂತ ಸುಮ್ಮನಿದ್ದೆ.”

“ನಾನೆಲ್ಲಿ ತೆಗೀಲಪ್ಪಾ?” ಎಂದಳು ತಾಯಿ. “ಅವನ ಪಾಸ್‌ವರ್ಡ್ ಯಾರಿಗೆ ಗೊತ್ತು? ಫೋನು ಅವತ್ತೇ ಲಾರಿ ಚಕ್ರದ ಅಡಿಗೆ ಸಿಕ್ಕಿ ಪುಡಿಯಾಯ್ತಲ್ಲ.”

ಹಾಸ್ಟೆಲಿನ ಯಾವನೋ ತಲೆಹರಟೆಯ ಕೆಲಸ ಇರಬೇಕೆಂದು ಮೇಡಂ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಎದುರಿಗೆ ಕೂತವಳಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ.

“ನೋಡಿಯಮ್ಮ, ನೋಟಿಸ್ ಕಳಿಸಲೇಬೇಕು. ಬೇಡ ಅಂತ ಅವನೇ ಹೇಳಿದ್ರೆ ಮಾತ್ರ ಖಾತೆ ಉಳಿಯುತ್ತೆ. ನೀವು ಹೇಳಿದ್ರೆ ನಡೆಯಲ್ಲ. ನಿಯಮ ಹಾಗಿದೆ, ಏನು ಮಾಡ್ಲಿ?”

“ಕಳಿಸಿ ಮತ್ತೆ,” ಎಂದಳು ತಾಯಿ. ಅವಳ ದನಿಯಲ್ಲಿ ಅಳುಕೇ ಇರಲಿಲ್ಲ. “ನನ್ನ ಮಗ ಅಲ್ವಾ? ಬೇಡ ಅಂತಾನೆ, ನೋಡ್ತಾ ಇರಿ.”

ಪಾಸ್‌ವರ್ಡ್ ಬಗ್ಗಿ ಗುಂಡಿ ಒತ್ತಿದ. ‘ನಿಮ್ಮ ಖಾತೆಯನ್ನು ಮುಚ್ಚಲು ನಿರ್ಧರಿಸಲಾಗಿದೆ. ಆಕ್ಷೇಪಣೆ ಇದ್ದಲ್ಲಿ ತಿಳಿಸುವುದು’ ಎಂಬ ನೋಟಿಸು ಹೋಯಿತು. ಹೊರಗೆ ವರಾಂಡದಲ್ಲಿ ವಿದ್ಯಾರ್ಥಿಗಳು ಗಲಾಟೆ ಮಾಡುತ್ತಾ ಹಾದುಹೋದರು. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಬಂದು ಮೇಜಿನ ಮೇಲೆ ಬಿದ್ದಿತ್ತು. ನೋಟಿಸಿನ ಕೆಳಗಿದ್ದ ಎರಡು ಗೆರೆಗಳು ನೀಲಿಯಾದವು.

ಆಮೇಲೆ ಉತ್ತರ ಬಂತು.

‘ಮುಚ್ಚಿಬಿಡಿ ಮೇಡಂ. ಅಮ್ಮ ದಿನಾ ಕರೀತಾಳೆ. ನನಗೆ ಹೋಗೋಕೇ ಆಗ್ತಿಲ್ಲ.’

ಮೇಡಂ ಮೊದಲು ನೋಡಿದ್ದು ತಾಯಿಯ ಕೈಗಳನ್ನು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಹತ್ತೂ ಬೆರಳುಗಳು ಮೇಜಿನ ಮೇಲೆ ಸುಮ್ಮನೆ ಮಲಗಿದ್ದವು. ಪಾಸ್‌ವರ್ಡ್ ಗೋಡೆಗೆ ಆತು ನಿಂತಿದ್ದ. ಪರದೆಯ ಬೆನ್ನು ತಾಯಿಯ ಕಡೆಗಿದ್ದುದರಿಂದ ಅವಳಿಗೆ ಏನೂ ಕಾಣುತ್ತಿರಲಿಲ್ಲ.

“ಬಂತಾ?” ಎಂದಳು ಅವಳು ಮುಂದಕ್ಕೆ ಬಾಗಿ. “ಏನಂದ?”

ನಿಯಮ ಕಣ್ಣೆದುರಿಗೇ ಇತ್ತು. ಖಾತೆದಾರ ಒಪ್ಪಿಗೆ ಕೊಟ್ಟಾಗಿತ್ತು. ಒಂದು ಗುಂಡಿ ಒತ್ತಿದರೆ ಮುಗಿಯಿತು. ಆದರೆ ಹೆತ್ತವಳು ಆಸೆಗಣ್ಣಿನಿಂದ ತಮ್ಮನ್ನೇ ನೋಡುತ್ತಿರುವಾಗ ಆ ಗುಂಡಿಯ ಮೇಲೆ ಬೆರಳಿಡುವಷ್ಟು ಕಲ್ಲೆದೆ ಮೇಡಂಗೆ ಇರಲಿಲ್ಲ. ಅಯ್ಯೋ ಅನಿಸಿತು. ಇಷ್ಟು ವರ್ಷದ ನೌಕರಿಯಲ್ಲಿ ತಾವು ಬರೆದ ನಿಯಮವನ್ನು ತಾವೇ ಮುರಿಯುತ್ತಿರುವುದು ಇದೇ ಮೊದಲು ಎಂದುಕೊಳ್ಳುತ್ತಾ ನಗು ತಂದುಕೊಂಡರು.

“ಖಾತೆ ಇರಲಿ ಅಂತ ಹೇಳಿದಾನೆ ಕಣಮ್ಮ. ಮುಚ್ಚಲ್ಲ. ನೀವು ನಿಶ್ಚಿಂತೆಯಿಂದ ಮನೆಗೆ ಹೋಗಿ.”

“ನಾನು ಹೇಳಲಿಲ್ವಾ?” ಎಂದು ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ಬಾಗಿಲು ದಾಟುವವರೆಗೂ ಕೈ ಮುಗಿದುಕೊಂಡೇ ಇದ್ದಳು.

ಅವಳ ಹೆಜ್ಜೆಯ ಸದ್ದು ಮೆಟ್ಟಿಲಿಳಿಯುತ್ತಿದ್ದಂತೆ ಪರದೆಯ ಮೇಲೆ ಇನ್ನೊಂದು ಸಾಲು ಮೂಡಿತು.

‘ನಾನು ಹಾಗೆ ಹೇಳಲಿಲ್ಲ ಮೇಡಂ.’