ಬಿಡುಗಡೆಯ ತಾರೀಖು

"ಅವನು ಹೋಗಿ ಎರಡು ತಿಂಗಳಾಯ್ತಲ್ಲ ತಾಯಿ," ಎಂದ ಜೈಲಿನ ಗೇಟಿನ ಪೇದೆ, ಪಟ್ಟಿಯಿಂದ ತಲೆ ಎತ್ತದೆ.

ಹೆಂಗಸು ಎರಡೂ ಕೈಯಲ್ಲಿ ಸರಳು ಹಿಡಿದುಕೊಂಡಳು. "ಹೋದ ಅಂದ್ರೆ?"

"ಅಯ್ಯೋ, ಬಿಡ್ತು ಅನ್ನಿ. ಬಿಟ್ಟಿದ್ದೀವಿ ಅಂದೆ. ಬಿಡುಗಡೆ. ಮಾರ್ಚ್ ಐದಕ್ಕೆ ನಾನೇ ಬಾಗಿಲು ತೆಗೆದದ್ದು."

"ನನ್ನ ತಮ್ಮನ್ನ ಬಿಡೋದು ಇವತ್ತು ಅಂತ ನೀವೇ ಕಾಗದ ಹಾಕಿದ್ದೀರಲ್ಲ." ಚೀಲದಲ್ಲಿದ್ದ ಹೊಸ ಅಂಗಿಯನ್ನು ಸರಿಸಿ ಅವಳು ಕಾಗದ ತೆಗೆದು ಕೊಟ್ಟಳು. ಜೈಲಿನ ಸಾಹೇಬರ ಮಾತನ್ನು ಸಾಹೇಬರಂತೆಯೇ ಆಡಿ ತೋರಿಸುವುದು ಪೇದೆಯ ಚಟ. 'ಈ ಮೂಲಕ ತಿಳಿಸುವುದೇನೆಂದರೆ' ಎಂದು ಮೂಗಿನಲ್ಲೇ ಶುರು ಮಾಡಿದ. 'ಮೇ ಮೂರರಂದು' ಎನ್ನುವಲ್ಲಿಗೆ ಬರುವಷ್ಟರಲ್ಲಿ ದನಿ ಮೂಗಿನಿಂದ ಇಳಿದು ಅವನದೇ ಆಗಿಬಿಟ್ಟಿತ್ತು. ಮೊಹರು ಸರಿಯಾಗಿತ್ತು, ಸಹಿ ಸರಿಯಾಗಿತ್ತು. ಅವನು ಬೀಗ ತೆಗೆದು ಅವಳನ್ನು ಗುಮಾಸ್ತನ ಕೋಣೆಗೆ ಕರೆದೊಯ್ದ.

"ನಮ್ಮಲ್ಲಿ ತಪ್ಪಾಗಲ್ಲಮ್ಮ," ಎಂದ ಗುಮಾಸ್ತ. "ಕೈಬರಹದ ಕಾಲ ಅಲ್ಲ ಇದು. ಹೆಸರು, ವಿಳಾಸ, ತಾರೀಖು, ಎಲ್ಲಾ ಕಂಪ್ಯೂಟರಿನ ದಾಖಲೆಯಿಂದ ತಾನಾಗೇ ಬಂದು ಕಾಗದದಲ್ಲಿ ಕೂತ್ಕೊಳ್ಳತ್ತೆ. ನೋಡಿ, ಈ ಕೈದಿ. ದಾಖಲೆಯಲ್ಲಿ ಏಪ್ರಿಲ್ ಹದಿನೆಂಟು, ಕಾಗದದಲ್ಲೂ ಹದಿನೆಂಟು. ಇವನದು ಇಪ್ಪತ್ತೈದು, ಇಲ್ಲೂ ಅದೇ. ಇನ್ನು ಇವನು, ಏಪ್ರಿಲ್ ಏಳು..." ಕಾಗದದಲ್ಲಿ ಜುಲೈ ನಾಲ್ಕು ಎಂದಿತ್ತು. ಮೌಸಿನ ಮೇಲಿನ ಬೆರಳು ನಿಂತಿತು. ಅವಳ ತಮ್ಮನ ಸಾಲು ತೆಗೆದ. ದಾಖಲೆಯಲ್ಲಿ ಐದು, ಮೂರು. ಕಾಗದದಲ್ಲಿ ಮೇ ಮೂರು.

"ತಿರುಗಾಮುರುಗಾ ಆಗಿದೆ," ಎಂದ, ಯಾರಿಗೂ ಹೇಳದ ಹಾಗೆ. "ಕಂಪ್ಯೂಟರು ದಿನವನ್ನ ತಿಂಗಳು ಅಂತ ಓದ್ಕೊಂಡಿದೆ. ಹದಿಮೂರನೇ ತಿಂಗಳು ಅಂತ ಇಲ್ಲವಲ್ಲ, ಅದಕ್ಕೇ ಹನ್ನೆರಡು ದಾಟಿದ ಕಡೆಯೆಲ್ಲ ಬುದ್ಧಿ ಬಂದಿದೆ. ಕಳಿಸೋ ಮುಂಚೆ ಮೇಲಿನ ಮೂರು ಕಾಗದ ತೆಗೆದು ನೋಡಿದ್ದೆ. ಮೂರೂ ತಿಂಗಳ ಕೊನೆಯವು."

"ಅವನು ಕಾದನಾ?" ಅವಳು ಕೇಳಿದ್ದು ಪೇದೆಯನ್ನು.

ಪೇದೆ ಬೀಗದ ಕೈ ಗೊಂಚಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಹಾಕಿಕೊಂಡ.

"ಹೇಳಿ ಅಣ್ಣಾ. ಹಿಂದಿನ ಸಲ ನೋಡೋಕೆ ಬಂದಾಗ ನಾನೇ ಹೇಳಿ ಹೋಗಿದ್ದೆ. ನಮ್ಮನೆಯವರು ಅವನನ್ನ ಹೊಸಿಲು ದಾಟಿಸಲ್ಲ ಅಂತ ಹಟ ಹಿಡಿದಿದ್ದರು. 'ಬಿಡೋ ದಿನ ನಾನು ಬಂದ್ರೆ ಮನೆಗೆ ಬಾ. ಬರಲಿಲ್ಲ ಅಂದ್ರೆ ನಿನ್ನ ಭಾವ ಒಪ್ಪಲಿಲ್ಲ ಅಂತ ತಿಳ್ಕೊ. ಫೋನು ಗೀನು ಮಾಡಬೇಡ, ಹುಡುಕ್ಕೊಂಡು ಬರಬೇಡ' ಅಂದಿದ್ದೆ. ಒಪ್ಪಿಸಿದೀನಿ. ಅತ್ತು, ಕರೆದು, ಮಾತು ಬಿಟ್ಟು, ಅಂತೂ ಒಪ್ಪಿಸಿದೀನಿ. ಇವತ್ತು ಎದುರಿಗೆ ನಿಂತೇ ಹೇಳೋಣ ಅಂತ ಇಟ್ಕೊಂಡಿದ್ದೆ."

"ಎದುರು ಗೋಡೆ ಹತ್ರ ನಿಂತಿದ್ದ," ಎಂದ ಪೇದೆ. "ಒಂದೊಂದು ಬಸ್ ಬಂದಾಗಲೂ ಅಂಗಿಯ ಗುಂಡಿ ಸರಿಮಾಡ್ಕೊಳ್ಳೋನು. 'ಏನಪ್ಪಾ, ಸರ್ಕಾರದ ಊಟ ಬಿಟ್ಟು ಹೋಗೋಕೆ ಮನಸ್ಸಿಲ್ವಾ' ಅಂತ ರೇಗಿಸಿದೆ. 'ಅಕ್ಕನ ಬಸ್ಸು ತಡ' ಅಂದ. ದೀಪ ಹಾಕೋ ಹೊತ್ತಿಗೆ ಬಂದು, 'ಅಕ್ಕ ಬಂದ್ರೆ ನಾನು ಕಾದೆ ಅಂತ ಹೇಳಬೇಡಿ' ಅಂದು, ಬಸ್ ಸ್ಟಾಪ್ ಕಡೆ ಹೋಗದೆ ಹಿಂದಿನ ರಸ್ತೆ ಹಿಡಿದ."



"ತಪ್ಪು ನಮ್ಮದು," ಎಂದ ಗುಮಾಸ್ತ ಥಟ್ಟನೆ. ಕೀಲಿಮಣೆಯ ಮೇಲೆ ಅವನ ಬೆರಳುಗಳು ಓಡತೊಡಗಿದವು. "ಅವನಿಗೆ ಈಗಲೇ ಕಾಗದ ಹಾಕ್ತೀನಿ. ನಿಮ್ಮ ಅಕ್ಕ ಬಾರದೆ ಇದ್ದದ್ದು ನಮ್ಮ ಕಚೇರಿಯ ತಪ್ಪಿನಿಂದ, ಅಂತ. ಸಾಹೇಬರ ಸಹಿ, ಮೊಹರು, ಎಲ್ಲಾ ಹಾಕಿಸಿ ಕೊಡ್ತೀನಿ." ಕೊನೆಯ ಸಾಲು ಮುಗಿಸಿ ಒಂದು ಗುಂಡಿ ಒತ್ತಿದ. ಬಿಡುಗಡೆಯಾದವನು ಎಲ್ಲಿಗೆ ಹೋಗುತ್ತೇನೆಂದು ಬರೆಸಿದ್ದನೋ ಆ ವಿಳಾಸ ತಾನಾಗೇ ಬಂದು ಕಾಗದದ ನೆತ್ತಿಯ ಮೇಲೆ ಕುಳಿತಿತು. ಗುಮಾಸ್ತ ಕೈ ಹಿಂದಕ್ಕೆಳೆದುಕೊಂಡ.

ಅವಳು ಬಗ್ಗಿ ಓದಿದಳು. ಅವಳ ಮನೆಯ ನಂಬರು, ಅವಳ ಬೀದಿ.

"ಅಳಿಸಲಾ ಅಮ್ಮಾ?"

"ಬೇಡ, ಕಳಿಸಿ," ಎಂದಳು ಅಕ್ಕ. "ಅವನ ಹೆಸರು ಮಾತ್ರ ದಪ್ಪಕ್ಷರದಲ್ಲಿ ಹಾಕಿ. ಟಪಾಲಿನವನಾದರೂ ಒಂದು ಸಲ ನಮ್ಮ ಬಾಗಿಲಲ್ಲಿ ನಿಂತು ಅವನನ್ನ ಕೂಗಲಿ."